ಅನ್ವರಿ ಬೇಗಂ ನೀರು ಹಾಕದ ದಿನ

ಬೀದರಿನ ನಮ್ಮ ಮೈಲೂರು ಬಡಾವಣೆಯ ಅನ್ವರಿ ಬೇಗಂಗೆ ಎರಡು ಕೆಲಸ. ಬದುಕಿರುವ ಹೆಂಗಸರಿಗೆ ಬಳೆ ತೊಡಿಸುವುದು, ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವುದು. ಮೊದಲನೆಯದಕ್ಕೆ ಚೌಕಾಸಿ ಮಾಡಿ ದುಡ್ಡು ಇಸಿದುಕೊಳ್ಳುತ್ತಾಳೆ. ಎರಡನೆಯದಕ್ಕೆ ಹೋದ ಮನೆಯಲ್ಲಿ ಒಂದು ಕಪ್ ಚಹಾ ಕೂಡ ಕುಡಿಯುವುದಿಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೋಟು ಗೋಡೆ ಇದೆ. ಮುಂಜಾನೆ ಆಕೆ ಆ ಕಡೆ ನಿಂತು ಹಲ್ಲು ತಿಕ್ಕುತ್ತಾಳೆ, ನಾನು ಈ ಕಡೆ ನಿಂತು ಪ್ರಶ್ನೆ ಕೇಳುತ್ತೇನೆ.

ಪ್ರಶ್ನೆ ಕೇಳುವುದು ನನ್ನ ಹಳೆಯ ರೋಗ. ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು, ಸುಮಿತ್ರಾಬಾಯಿ. ಪೇಪರು ಬಂದ ಕೂಡಲೇ ಜಿಲ್ಲೆಯ ಪುಟ ತೆಗೆಯುತ್ತೇನೆ. ಅದರಲ್ಲೂ ಕಳ್ಳತನ, ಲಂಚ, ಲಾರಿ ಪಲ್ಟಿ ನನಗೆ ಬೇಡ. ಮನೆಯವರೇ ಮನೆಯವರನ್ನು ಕೊಂದ ಸುದ್ದಿ ಇದೆಯೇ ಎಂದು ಹುಡುಕುತ್ತೇನೆ. ಯಾರು, ಯಾರನ್ನು, ಎಲ್ಲಿ, ಯಾಕೆ. ಮುಂಜಾನೆ ಎದ್ದು ವಿಭೂತಿ ಹಚ್ಚಿಕೊಂಡು ಇಂಥದ್ದನ್ನು ಓದುತ್ತಾಳಲ್ಲ ಎಂದು ನಮ್ಮ ಯಜಮಾನರು ಶಿವರಾಜಪ್ಪನವರು ಬೈಯುತ್ತಾರೆ. ಬೈಯಲಿ ಬಿಡಿ. ಅವರು ಕ್ರಿಕೆಟ್ ಸ್ಕೋರು ಓದುವುದಕ್ಕೆ ನಾನೇನಾದರೂ ಅಂದಿದ್ದೇನೆಯೇ?

ಈ ರೋಗ ಹತ್ತಿದ್ದು ನನ್ನ ತವರು ಸಾಯಗಾಂವದಲ್ಲಿ. ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮ ಬಾವಿಯಲ್ಲಿ ಸತ್ತಳು. ನೀರು ಸೇದುವಾಗ ಕಾಲು ಜಾರಿತು ಅಂದರು. ನಮ್ಮಲ್ಲಿ ಸತ್ತವರ ಮೈಯನ್ನು ಮನೆಯವರೇ ತೊಳೆದು, ವಿಭೂತಿ ಹಚ್ಚಿ ಕೂಡಿಸುತ್ತಾರೆ. ಮನೆಯ ಹೆಂಗಸರು ಒಳಗಿನಿಂದ ಬಾಗಿಲು ಹಾಕಿಕೊಂಡು ತೊಳೆದರು. ಮಕ್ಕಳನ್ನೆಲ್ಲ ಹೊರಗೆ ಕಳಿಸಿದರು. ಬಾಗಿಲು ತೆಗೆದು ಹೊರಗೆ ಬಂದ ನಮ್ಮವ್ವ ಬಹಳ ದಿನ ಯಾರ ಮುಖವನ್ನೂ ನೋಡಲಿಲ್ಲ, ಸಾಯುವ ತನಕ ಆ ಮಾತನ್ನೂ ಎತ್ತಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಮಾತು. ಅದೇ ಬಾವಿಯಲ್ಲಿ ನನಗೆ ಈಜು ಕಲಿಸಿದವಳು ಆ ಚಿಕ್ಕಮ್ಮ.

ಹೀಗಿರುವಾಗ ಪಕ್ಕದ ಮನೆಯಲ್ಲೇ ನಲವತ್ತು ವರ್ಷದಿಂದ ಸತ್ತವರ ಮೈ ತೊಳೆಯುವವಳು ಸಿಕ್ಕರೆ ನಾನು ಸುಮ್ಮನೆ ಬಿಡುತ್ತೇನೆಯೇ? ಆದರೆ ಆಕೆಯ ಬಾಯಿ ಬಿಡಿಸುವುದು ಸುಲಭವಲ್ಲ. ಅವರಲ್ಲಿ ಒಂದು ಕಟ್ಟಳೆ ಇದೆ. ಹೆಣದ ಮೈಮೇಲೆ ಕಂಡ ಐಬನ್ನು ತೊಳೆದವರು ಹೊರಗೆ ಹೇಳಬಾರದು. ಐಬು ಅಂದರೆ ಕುಂದು. ತೊನ್ನು ಇರಬಹುದು, ಹುಣ್ಣು ಇರಬಹುದು, ಮಂದಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚಿಕೊಂಡು ಬದುಕಿದ ಏನೋ ಒಂದು ಇರಬಹುದು. ಅದನ್ನು ಮುಚ್ಚಿದವರ ಐಬನ್ನು ದೇವರು ಮುಚ್ಚುತ್ತಾನೆ ಎಂದು ಆಕೆಗೆ ಕೆಲಸ ಕಲಿಸಿದ ತಾಯಿ ಹೇಳಿದ್ದಳಂತೆ. ಆದ್ದರಿಂದ ಯಾರ ಹೆಸರನ್ನೂ ಆಕೆ ಎತ್ತುತ್ತಿರಲಿಲ್ಲ. ಹೆಸರಿಲ್ಲದ ಮಾತಾದರೆ ಆಡುತ್ತಿದ್ದಳು.

ಆಕೆಯ ಅಣ್ಣ ಮಹಮ್ಮದ ಇಸ್ಮಾಯಿಲ ಭಾಲ್ಕಿಯಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟವರು. ಅವರದೂ ಇದೇ ಸೇವೆ. ಆಕೆ ಹೆಂಗಸರನ್ನು ತೊಳೆದರೆ ಅವರು ಗಂಡಸರನ್ನು ತೊಳೆಯುತ್ತಾರೆ. ತಂಗಿಯನ್ನು ಕಾಣಲು ಬೀದರಿಗೆ ಬಂದಾಗ ಗೋಡೆಯ ಆ ಕಡೆ ಇಬ್ಬರೂ ಸಿಕ್ಕುತ್ತಿದ್ದರು. ಈ ಕಡೆಯಿಂದ ನಾನು ಕೆದಕುತ್ತಿದ್ದೆ.

ವರ್ಷಗಟ್ಟಲೆ ಕೆದಕಿ ನನಗೆ ಸಿಕ್ಕದ್ದು ಇಷ್ಟು. ಇದು ಸರ್ಕಾರದ ಲೆಕ್ಕವಲ್ಲ, ಇಬ್ಬರ ಕಣ್ಣಂದಾಜು. ಆಕೆ ಈ ಕೆಲಸಕ್ಕೆ ಇಳಿದ ಕಾಲದಲ್ಲಿ ಸುಟ್ಟ ಹೆಣಗಳು ಬಹಳ ಬರುತ್ತಿದ್ದವು. ಎಲ್ಲ ವಯಸ್ಸಿನ ಹೆಂಗಸರಲ್ಲ, ಹೊಸ ಸೊಸೆಯರು. ಸ್ಟೋವ್ ಸಿಡಿಯಿತು ಅನ್ನುತ್ತಿದ್ದರು. ಸುಟ್ಟ ಮೈಯನ್ನು ತಿಕ್ಕುವ ಹಾಗಿಲ್ಲ, ಮೇಲಿಂದ ನೀರು ಬಿಡಬೇಕು ಅಷ್ಟೇ. ನನಗೆ ಆಗಲೇ ಒಂದು ಸಂಶಯ. ಅದೇ ಸ್ಟೋವನ್ನು ಅತ್ತೆಯೂ ಹಚ್ಚುತ್ತಿದ್ದಳು, ನಾದಿನಿಯೂ ಹಚ್ಚುತ್ತಿದ್ದಳು. ಅವರ ಕೈಯಲ್ಲಿ ಅದು ಯಾಕೆ ಸಿಡಿಯಲಿಲ್ಲ? ಹಾಗಂತ ಇದು ಅವರ ಓಣಿಯ ಕತೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲೂ ಅದೇ ಸ್ಟೋವು, ಅದೇ ಮಾತು. ನಮ್ಮಲ್ಲಿ ತೊಳೆಯಲು ಹೊರಗಿನವರು ಬರುತ್ತಿರಲಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಗಂಡಸರ ಕತೆ ಬೇರೆ. ಹೆಂಡತಿಯ ಕೈಯಿಂದ ಸತ್ತವರು ಒಬ್ಬಿಬ್ಬರು ಇದ್ದಾರು, ಪೇಪರಿನವರು ಅಂಥದ್ದನ್ನೇ ಫೋಟೊ ಹಾಕಿ ದೊಡ್ಡದು ಮಾಡುತ್ತಾರೆ ಎಂದು ಇಸ್ಮಾಯಿಲ ಭಾಯಿ ನಗುತ್ತಿದ್ದರು. ಅವರು ತೊಳೆದವರು ಹೆಚ್ಚಾಗಿ ಅಣ್ಣತಮ್ಮಂದಿರ ಕೈಯಲ್ಲಿ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಕೈಯಲ್ಲಿ ಸತ್ತವರು. ಹೊಲದ ಬದುವಿನ ಮೇಲೆ, ಹಾಡಹಗಲು, ಕೊಡಲಿಯಿಂದ. ಕುಡಿದು ಬಂದ ಅಪ್ಪನನ್ನು ಮಗ ಹೊಡೆದದ್ದೂ ಉಂಟು. ಗಂಡಸನ್ನು ಕೊಂದವನ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಹೆಂಗಸರು ಒಳಗೆ ಸಾಯುತ್ತಿದ್ದರು. ಕೊಂದದ್ದು ಯಾರು ಅಂದರೆ ಸ್ಟೋವು, ಬಾವಿ, ಹಗ್ಗ.

ಆಮೇಲೆ ಇಬ್ಬರ ಕಡೆಯೂ ಇಂಥ ಹೆಣಗಳು ಕಡಿಮೆ ಆಗುತ್ತ ಬಂದವು ಎಂದು ಅವರಿಗೂ ಅನ್ನಿಸುತ್ತಿತ್ತು, ನನಗೂ. ಹೊಲಗಳು ಪ್ಲಾಟಾದವು, ಅಣ್ಣ ಬೀದರ, ತಮ್ಮ ಹೈದರಾಬಾದ ಆದಮೇಲೆ ಬದುವಿನ ಮೇಲೆ ಜಗಳ ಆಡಲು ಯಾರಿದ್ದಾರೆ? ಮನೆಮನೆಗೆ ಗ್ಯಾಸ್ ಬಂತು. ಮದುವೆಯಾಗಿ ಏಳು ವರ್ಷದೊಳಗೆ ಸೊಸೆ ಸತ್ತರೆ ತಹಸೀಲ್ದಾರರೇ ಬಂದು ಹೆಣ ನೋಡಬೇಕೆಂಬ ಕಾನೂನು ಬಂತು. ಸುಟ್ಟ ಹುಡುಗಿಯರು ನಿಂತೇ ಹೋದರು ಅನ್ನಬಹುದು. ನಾನು ಖುಷಿಪಟ್ಟೆ. ಆದರೆ ಗಂಡಸರದು ಇಳಿದಷ್ಟು ಹೆಂಗಸರದು ಯಾಕೆ ಇಳಿದಿಲ್ಲ ಎಂದು ಕೇಳಿದೆ. ಅನ್ವರಿ ಬೇಗಂ ಬಾಯಿ ಮುಕ್ಕಳಿಸಿ ಉಗುಳಿ ಒಳಗೆ ಹೋದಳು.

ಇನ್ನು ಆ ದಿನದ ಮಾತು. ಮೂರು ವರ್ಷದ ಹಿಂದೆ, ಚಳಿಗಾಲ. ಮುಂಜಾನೆ ಇಸ್ಮಾಯಿಲ ಭಾಯಿ ತಂಗಿಗೆ ಫೋನ್ ಮಾಡಿದರು. ಅವರ ಮಗ ಸಾಜಿದನ ಹೆಂಡತಿ ತಬಸ್ಸುಮ ತೀರಿಕೊಂಡಿದ್ದಳು. ಎದೆ ನೋವು ಅಂದಳು, ಎತ್ತಿಕೊಳ್ಳುವಷ್ಟರಲ್ಲಿ ಜೀವ ಹೋಯಿತು ಅಂದರಂತೆ. ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಮಣ್ಣು, ಬೇಗ ಬಾ ಅಂದರಂತೆ.

ಆ ಹುಡುಗಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಔರಾದಿನವಳು. ಈ ಸಂಬಂಧ ಕುದುರಿಸಿದವಳೇ ಅನ್ವರಿ ಬೇಗಂ. ಔರಾದಿನ ಸಂತೆಗೆ ಬಳೆ ಮಾರಲು ಹೋಗುತ್ತಿದ್ದವಳು ಹುಡುಗಿಯನ್ನು ಕಂಡು ಮೆಚ್ಚಿ, ಅವಳ ತಾಯಿ ವಜೀರಬೀಗೆ ಮಾತು ಕೊಟ್ಟಿದ್ದಳು. ನನ್ನ ಅಣ್ಣನ ಮನೆ, ನನ್ನದೇ ಮನೆ ಅಂದುಕೊಂಡು ಕಳಿಸಿ ಅಂದಿದ್ದಳು. ವಜೀರಬೀ ಗಂಡನಿಲ್ಲದ ಹೆಂಗಸು. ಆ ಒಂದು ಮಾತಿನ ಮೇಲೆ ಕಳಿಸಿದಳು. ಮದುವೆಯ ದಿನ ಆ ಹುಡುಗಿಯ ಕೈಗೆ ಹಸಿರು ಬಳೆ ತೊಡಿಸಿದವಳೂ ಅನ್ವರಿಯೇ.

ಬಸ್ಸಿನಲ್ಲಿ ಆಕೆಯನ್ನು ಒಬ್ಬಳನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾನೂ ಜೊತೆಗೆ ಹೋದೆ. ಹಲಬರ್ಗಾ ದಾಟಿದ ಮೇಲೆ ಒಮ್ಮೆ ನನ್ನ ಕಡೆ ತಿರುಗಿ, ಆ ಹುಡುಗಿಗೆ ಎದೆ ನೋವು ಇದ್ದದ್ದು ನನಗೆ ಗೊತ್ತೇ ಇಲ್ಲವಲ್ಲ ಅಂದಳು.

ಭಾಲ್ಕಿಯ ಮನೆಯ ಅಂಗಳದಲ್ಲಿ ಒಂದು ಮೂಲೆಗೆ ಚಾದರ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆ, ಬೋರೆ ಎಲೆ ಹಾಕಿ ಕುದಿಸಿದ ನೀರು, ಕರ್ಪೂರ, ಬಿಳಿ ಬಟ್ಟೆ, ಎಲ್ಲ ತಯಾರಿತ್ತು. ಗಂಡಸರು ಹೊರಗೆ, ಹೆಂಗಸರು ಅಂಗಳದಲ್ಲಿ. ಸಾಜಿದ ಕಾಣಲಿಲ್ಲ. ತಬಸ್ಸುಮಳ ಎರಡು ವರ್ಷದ ಮಗಳು ಯಾರದೋ ಮಡಿಲಲ್ಲಿ ಬಿಸ್ಕೀಟು ತಿನ್ನುತ್ತಿತ್ತು. ಅನ್ವರಿ ಬೇಗಂ ತೋಳು ಮಡಚಿ ಮರೆಯೊಳಗೆ ಹೋದಳು. ನಾನು ಚಾದರಕ್ಕೆ ಹತ್ತಿರವಾಗಿಯೇ ಕೂತೆ. ಸುಳ್ಳು ಯಾಕೆ ಹೇಳಲಿ, ಬೇಕೆಂದೇ ಕೂತೆ.

ನೀರಿನ ಸಪ್ಪಳ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆ ತಲೆ ಹೊರಗೆ ಹಾಕಿ, ಬೋರೆ ಎಲೆ ಒಣಗಿವೆ, ಹಸಿಯವು ತನ್ನಿ ಅಂದಳು. ತಂದರು. ನೀರು ಬಹಳ ಸುಡುತ್ತದೆ, ಆರಲಿ ಅಂದಳು. ಆರಿತು. ಕರ್ಪೂರ ಸಾಲದು ಅಂದಳು. ನನಗೆ ಆಶ್ಚರ್ಯ. ಎಂಥ ಗಡಿಬಿಡಿಯ ಮನೆಯಲ್ಲೂ ಇದ್ದದ್ದರಲ್ಲೇ ಕೆಲಸ ಮುಗಿಸುವ ಹೆಂಗಸು ಇವಳು. ಕರ್ಪೂರ ತರಲು ಕಳಿಸಿದ ಮೇಲೆ ಚಾದರದ ಸಂದಿಯಿಂದ ನನ್ನನ್ನು ಕರೆದಳು. ಮುಖ ಸುಣ್ಣ ಬಳಿದ ಹಾಗಿತ್ತು.

“ಬಾಯೇರ, ವಜೀರಬೀಗಿ ಒಂದ್ ಫೋನ್ ಹಚ್ರಿ. ಎಲ್ಲಿ ಅದಾರ ಕೇಳ್ರಿ.”

ನಾನು ಆಕೆಯ ಫೋನು ತೆಗೆದುಕೊಂಡು ಓಣಿಯ ತುದಿಗೆ ಹೋಗಿ ಹಚ್ಚಿದೆ. ಆ ತಾಯಿಗೆ ಮಗಳು ಸತ್ತದ್ದೇ ಗೊತ್ತಿರಲಿಲ್ಲ. ಮೈಗೆ ಹುಷಾರಿಲ್ಲ, ದವಾಖಾನೆಗೆ ಹಾಕಿದ್ದೇವೆ, ಸಂಜೆ ಬಂದರೆ ಸಾಕು ಎಂದು ಗಂಡನ ಮನೆಯವರು ಹೇಳಿದ್ದರಂತೆ. ಮನಸ್ಸು ತಡೆಯದೆ ಆಗಲೇ ಟಂಟಂ ಆಟೋ ಹಿಡಿದು ಹೊರಟುಬಿಟ್ಟಿದ್ದಳು. ನನ್ನ ಬಾಯಿಂದ ಸತ್ಯ ಹೇಳಲಾಗಲಿಲ್ಲ. ಬೇಗ ಬರ್ರಿ, ಎಲ್ಲೂ ಇಳಿಯಬೇಡ್ರಿ ಅಂದೆ, ಅಷ್ಟೇ. ಬಂದು ಚಾದರದ ಸಂದಿಯಲ್ಲಿ ಹೇಳಿದೆ. ಅನ್ವರಿ ಬೇಗಂ ಕೈಯಲ್ಲಿದ್ದ ಚೊಂಬನ್ನು ಬೋರಲು ಹಾಕಿ ಅದರ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ಅಜಾನ್ ಆಯಿತು. ಹೊರಗೆ ಗಂಡಸರು ಗುಸುಗುಸು ಅನ್ನತೊಡಗಿದರು. ಇಸ್ಮಾಯಿಲ ಭಾಯಿ ಬಂದು ಚಾದರಕ್ಕೆ ಬೆನ್ನು ಮಾಡಿ ನಿಂತು, ಯಾಕೆ ತಡ ಎಂದು ತಂಗಿಯನ್ನು ಕೇಳಿದರು. ಇಬ್ಬರೂ ಮಾತಾಡಿದ್ದು ತಮ್ಮ ದಖ್ಖನಿ ಉರ್ದುವಿನಲ್ಲಿ. ನನಗೆ ಆ ಮಾತು ಚೆನ್ನಾಗಿ ತಿಳಿಯುತ್ತದೆ, ನಾನು ನನ್ನ ಬಾಯಲ್ಲಿ ಹೇಳುತ್ತೇನೆ. ಹುಡುಗಿಯ ತಾಯಿ ಬರುವ ತನಕ ನೀರು ಹಾಕುವುದಿಲ್ಲ ಅಂದಳು ತಂಗಿ. ಅಣ್ಣ ಮೊದಲು ಗದರಿದರು. ಆಮೇಲೆ ಬೇಡಿಕೊಂಡರು. ಸ್ನಾನವಿಲ್ಲದೆ ಜನಾಜಾ ನಮಾಜಿಲ್ಲ, ಆ ನಮಾಜಿಲ್ಲದೆ ಮಣ್ಣಿಲ್ಲ, ಅಷ್ಟು ಮಂದಿ ಕಾಯುತ್ತಿದ್ದಾರೆ ಅಂದರು. ಭಾಲ್ಕಿಯಲ್ಲಿ ಬೇರೆ ಯಾರನ್ನು ಕರೆದರೂ ಆಕೆಯ ಕೈಕೆಳಗೇ ಕೆಲಸ ಕಲಿತವರು. ಆಪಾ, ಅಂದರೆ ಅಕ್ಕ, ಅಲ್ಲೇ ಇದ್ದು ಯಾಕೆ ತೊಳೆಯಲಿಲ್ಲ ಎಂದು ಅವರು ಕೇಳದೆ ಬಿಡುತ್ತಿರಲಿಲ್ಲ. ಕೊನೆಗೆ ಇಸ್ಮಾಯಿಲ ಭಾಯಿ ದನಿ ಇಳಿಸಿದರು.

“ಏನ್ ಕಂಡದ ಅದನ್ನ ಮುಚ್ಚು. ಐಬ್ ಮುಚ್ಚಬೇಕಂತ ಅಮ್ಮಿ ಕಲಿಸ್ಯಾಳಿಲ್ಲೊ?”

ಒಳಗಿನಿಂದ ತಂಗಿಯ ಉತ್ತರ ಬಂತು.

“ಈಕೀ ಮೈಮ್ಯಾಗ ಈಕೀದು ಒಂದೂ ಐಬ್ ಇಲ್ಲ ಭಾಯಿ. ಬ್ಯಾರೆಯವರದು ಅದ. ಅದನ್ನ ಮುಚ್ಚಲಾಕ ಅಮ್ಮಿ ಕಲಿಸಿಲ್ಲ.”

ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ನಡೆಸಿಕೊಂಡು ಬಂದ ಕಟ್ಟಳೆಯನ್ನು ಆಕೆ ಮುರಿಯಲಿಲ್ಲ. ಯಾರ ಕುಂದನ್ನು ಮುಚ್ಚಬೇಕು ಎಂದು ಒಮ್ಮೆ ಸರಿಯಾಗಿ ಕೇಳಿಕೊಂಡಳು, ಅಷ್ಟೇ. ಇಸ್ಮಾಯಿಲ ಭಾಯಿ ಅಲ್ಲಿಂದ ಸರಿದು ಕಟ್ಟೆಯ ಮೇಲೆ ಕೂತರು.

ವಜೀರಬೀ ಬಂದಾಗ ಬಿಸಿಲು ಇಳಿದಿತ್ತು. ಅಂಗಳದ ಮಂದಿಯನ್ನು ನೋಡಿದ್ದೇ ಆಕೆಗೆ ಎಲ್ಲ ತಿಳಿಯಿತು. ಅಳುವವಳನ್ನು ಹೆಂಗಸರು ಹಿಡಿದುಕೊಂಡರು. ಅನ್ವರಿ ಬೇಗಂ ಮರೆಯಿಂದ ಹೊರಗೆ ಬಂದು ಆಕೆಯ ಎರಡೂ ಕೈ ಹಿಡಿದಳು. ಸ್ನಾನಕ್ಕೆ ಮುಂಚೆ ಹೆಂಗಸರ ಜಡೆ ಬಿಚ್ಚಬೇಕು, ಅದು ಅವರ ಪದ್ಧತಿ. ಯಾವಾಗಲೂ ತಾನೇ ಬಿಚ್ಚುವವಳು ಅವತ್ತು ಬಿಚ್ಚಿರಲಿಲ್ಲ.

“ಬರ್ರಿ, ಮಗಳ ಜಡಿ ನೀವೇ ಬಿಚ್ರಿ,” ಅಂದಳು.

ಇಬ್ಬರೂ ಒಳಗೆ ಹೋದರು. ತಾಯಿ ಮಗಳ ಹೆಸರು ಹಿಡಿದು ಅಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಜಡೆ ಬಿಚ್ಚುತ್ತ ಬಿಚ್ಚುತ್ತ ಆ ಅಳು ತಟ್ಟನೆ ನಿಂತಿತು. ಒಳಗೆ ಏನಿತ್ತು ಎಂದು ನಾನು ನೋಡಲಿಲ್ಲ, ನೋಡಲು ಹೋಗಲೂ ಇಲ್ಲ. ಅಷ್ಟು ಕೆಟ್ಟ ಕುತೂಹಲ ನನ್ನದಲ್ಲ. ವಜೀರಬೀ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು, ಅಂಗಳ ದಾಟಿ ಕಟ್ಟೆಯ ಮುಂದೆ ನಿಂತಳು.

“ಭಾಯಿಸಾಬ, ನನ್ನ ಮಗಳ ಕುತ್ತಿಗಿಗಿ ಏನಾಗ್ಯದ?” ಅಂದಳು.

ಪೊಲೀಸರಿಗೆ ಫೋನ್ ಹಚ್ಚಿದವಳು ನಾನು. ತಹಸೀಲ್ದಾರರು ಬಂದರು, ಹೆಣವನ್ನು ದವಾಖಾನೆಗೆ ಒಯ್ದರು. ಸಾಜಿದ ಆ ಸಂಜೆ ಗೆಳೆಯನ ಮನೆಯಲ್ಲಿ ಸಿಕ್ಕ. ಮರುದಿನ ತಬಸ್ಸುಮ ವಾಪಸ್ಸು ಬಂದಳು, ಔರಾದಿಗೆ. ಅಲ್ಲಿ ಅನ್ವರಿ ಬೇಗಂ ನೀರು ಹಾಕಿದಳು, ತಾಯಿ ಕೂದಲನ್ನು ಮೂರು ಪಾಲು ಮಾಡಿ ಹೆಣೆದಳು. ಮೊಮ್ಮಗಳನ್ನು ವಜೀರಬೀ ತನ್ನ ಹತ್ತಿರವೇ ಉಳಿಸಿಕೊಂಡಳು.

ಅಂದಿನಿಂದ ಅಣ್ಣತಂಗಿಗೆ ಮಾತು ನಿಂತಿತು. ರಮಜಾನಿನಲ್ಲಿ ಆಕೆ ಕಳಿಸಿದ ಸುರಕುಂಬಾ ಪಾಯಸ, ಡಬ್ಬಿಯ ಮುಚ್ಚಳ ಕೂಡ ತೆಗೆಯದೆ ವಾಪಸ್ಸು ಬಂತು. ಆಕೆ ಪೊಲೀಸರ ಮುಂದೆ ಕಂಡದ್ದನ್ನು ಹೇಳಿದ್ದಳು. ಸ್ವಂತ ಅಣ್ಣನ ಮಗನನ್ನು ಜೈಲಿಗೆ ಹಾಕಿಸಿದವಳು ಎಂದು ಓಣಿಯಲ್ಲಿ ಕೆಲವರು ಬಳೆ ತೊಡಿಸಿಕೊಳ್ಳುವುದನ್ನು ಬಿಟ್ಟರು. ಆಕೆ ಒಳಗೊಳಗೇ ಸವೆದದ್ದನ್ನು ನಾನು ಗೋಡೆಯ ಈ ಕಡೆಯಿಂದ ನೋಡಿದೆ. ತಂದೆಯಿಲ್ಲದ ಆಕೆಯನ್ನು ಬೆಳೆಸಿ ಮದುವೆ ಮಾಡಿದ ಅಣ್ಣ ಅವರು. ಸಾಜಿದ ಜಾಮೀನಿನ ಮೇಲೆ ಹೊರಗೆ ಬಂದ. ಕೇಸು ಕೋರ್ಟಿನಲ್ಲಿ ನಡೆದಿತ್ತು. ಅವತ್ತು ಮನೆಯಲ್ಲಿದ್ದವರೆಲ್ಲ ಎದೆ ನೋವು ಅಂತಲೇ ಬರೆಸಿದ್ದರು. ಕೇಸು ನಿಲ್ಲುವುದಿಲ್ಲ ಎಂದು ಮಂದಿ ಮಾತಾಡುತ್ತಿದ್ದರು.

ನಾನು ಪೇಪರು ಓದುವ ರೀತಿಯೂ ಬದಲಾಯಿತು. ಮೊದಲು ಕೊಲೆಯ ಸುದ್ದಿ ಹುಡುಕುತ್ತಿದ್ದವಳು ಈಗ ನಿಧನದ ಸುದ್ದಿಯನ್ನೂ ಓದತೊಡಗಿದೆ. ಇಪ್ಪತ್ತೈದರ ಹುಡುಗಿಗೆ ಹೃದಯಾಘಾತ, ಮೂವತ್ತರವಳು ಬಚ್ಚಲಲ್ಲಿ ಜಾರಿ. ನಿಜವೇ ಇರಬಹುದು. ಹುಡುಗಿಯರೂ ಜಾರುತ್ತಾರೆ. ಆದರೆ ಯಾರು ತೊಳೆದರು, ಯಾರು ಜಡೆ ಬಿಚ್ಚಿದರು ಎಂದು ಕೇಳಬೇಕೆನಿಸುತ್ತದೆ.

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಅನ್ವರಿ ಬೇಗಂ ಮನೆಯಲ್ಲಿ ಬಳೆ ತೊಡಿಸಿಕೊಳ್ಳುತ್ತ ಕೂತಿದ್ದೆ. ಬಾಗಿಲಲ್ಲಿ ಇಸ್ಮಾಯಿಲ ಭಾಯಿ ನಿಂತಿದ್ದರು. ಬಹಳ ಇಳಿದುಹೋಗಿದ್ದರು. ತಂಗಿ ಎದ್ದು ಕುರ್ಚಿ ಸರಿಸಿದಳು. ನಾನು ಎದ್ದು ಹೊರಟರೆ, ಕೂತ್ಕೊಳ್ರಿ ಬಾಯೇರ, ಅವತ್ತು ನೀವೂ ಇದ್ರಿ ಅಂದರು. ಹೆಣ ತೊಳೆಯುವುದನ್ನು ಬಿಟ್ಟಿದ್ದೇನೆ ಅಂದರು. ಮಂದಿ ಕರೆಯಲು ಬರುತ್ತಾರೆ, ಕೈ ಏಳುವುದಿಲ್ಲ ಅಂದರು. ಬಹಳ ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಬಂಡಿಯಿಂದ ಬಿದ್ದು ಸತ್ತನೆಂದು ಮನೆಯವರು ಹೇಳಿದ ಗಂಡಸಿನ ತಲೆಯನ್ನು ತಾನೇ ಬಟ್ಟೆ ಸುತ್ತಿ ಮುಚ್ಚಿದ್ದು, ಬಿದ್ದದ್ದಲ್ಲ ಎಂದು ಕೈಗೆ ಗೊತ್ತಾಗಿದ್ದು, ಪಕ್ಕದಲ್ಲೇ ನಿಂತು ಅವನ ತಮ್ಮ ಅಳುತ್ತಿದ್ದದ್ದು, ಎಲ್ಲ ಹೇಳಿದರು. ಹೇಳಿ ನನ್ನ ಕಡೆ ನೋಡಿದರು.

“ಖೂನಿ ಕಡಿಮಿ ಆಗ್ಯಾವೇನು ಅಂತ ಕೇಳ್ತಿದ್ರಿ ನೀವು. ನಾವಿಬ್ರೂ ಎಷ್ಟ್ ಮುಚ್ಚೀವಿ ಅಂತ ಒಮ್ಮೀನೂ ಕೇಳಲಿಲ್ಲ ನೋಡ್ರಿ.”

ಸಾಯಗಾಂವದ ಆ ಮುಚ್ಚಿದ ಬಾಗಿಲು ಕಣ್ಣ ಮುಂದೆ ಬಂತು. ನಮ್ಮವ್ವನ ಮುಖ ಬಂತು. ಇಷ್ಟು ವರ್ಷ ನಾನು ತಿಳಿದುಕೊಂಡೆ ಅಂದುಕೊಂಡಿದ್ದೆಲ್ಲ ಹೊರಗೆ ಬಿದ್ದದ್ದರ ಅಂದಾಜು ಮಾತ್ರ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಅವರು ತಂಗಿಯ ಕಡೆ ತಿರುಗಿದರು. ಆ ದಿನ ಬೆಳಗಿನ ನಮಾಜಿಗೆ ಮುಂಚೆ ತಾನು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಒಳಗೆ ಸದ್ದು ಕೇಳಿದ್ದು, ತಬಸ್ಸುಮ ಒಮ್ಮೆ ಅಬ್ಬಾ, ಅಂದರೆ ಅಪ್ಪಾ, ಎಂದು ಕರೆದದ್ದು, ಗಂಡಹೆಂಡಿರ ಜಗಳ ನಮಗ್ಯಾಕೆ ಎಂದುಕೊಂಡದ್ದು, ಒಂದೊಂದಾಗಿ ಹೇಳಿದರು.

“ಆಕೀ ನನ್ನನ್ನೇ ಕರದಾಳ ಅನ್ವರಿ. ನಾ ಮಸೂತಿಗಿ ಹೋದೆ.”

ಅನ್ವರಿ ಬೇಗಂ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಅವರು ಜೇಬಿನಿಂದ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಸೋಮವಾರ ಕೋರ್ಟಿನಲ್ಲಿ ತನ್ನ ಸಾಕ್ಷಿ ಇದೆ, ಇದನ್ನೇ ಹೇಳುತ್ತೇನೆ ಅಂದರು. ಮಗ ಜೈಲಿಗೆ ಹೋಗುತ್ತಾನೆ, ಅದು ಗೊತ್ತು ಅಂದರು. ಅದಾದ ಮೇಲೆ ಔರಾದಿಗೆ ಹೋಗಿ ಮೊಮ್ಮಗಳನ್ನು ದೂರದಿಂದಲಾದರೂ ನೋಡಬೇಕು, ವಜೀರಬೀ ನನ್ನನ್ನು ಹೊಸ್ತಿಲು ದಾಟಿಸುವುದಿಲ್ಲ, ನೀನು ಬರುತ್ತೀಯಾ ಎಂದು ಕೇಳಿದರು.

ಆಕೆ ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಬಡಿಸಿ ತಂದಿಟ್ಟಳು. ಚೊಂಬಿನಲ್ಲಿ ನೀರು ತಂದು ಬಾಗಿಲ ಹತ್ತಿರ ನಿಂತಳು. ಅಣ್ಣ ಎದ್ದು ಬಂದು ಎರಡೂ ಕೈ ಮುಂದೆ ಚಾಚಿದರು, ಆಕೆ ನೀರು ಹಾಕಿದಳು.